ಹಳೆಯ ಮೋಟಾರಿನ ಚುಕ್ಕಾಣಿ

ಮೂವತ್ತೆರಡು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ ಈಚೆಗೆ ವಿಶ್ರಾಂತಿ ಪಡೆದಿರುವ ನನ್ನಂಥವನು ಮೋಟಾರು ಗಾಡಿಯ ಕೀಲುಗಳ ವಿಷಯವಾಗಿ ಬರೆಯಹೊರಟರೆ ವಾಚಕರಲ್ಲಿ ಕೆಲವರಿಗೆ ನಗು ಬಂದೀತು. ಶಬ್ದರೂಪಗಳನ್ನು ತಿದ್ದುತ್ತಿದ್ದ ಕೈಗೆ ಸ್ಪ್ಯಾನರು ಏಕೆ ಬಂತು ಎಂದು ಕೇಳಿಯಾರು. ಅದು ಬಂದ ಬಗೆಯನ್ನೂ, ಬಂದ ಮೇಲೆ ನಾನು ಮಾಡಿದ ಒಂದು ತಪ್ಪನ್ನೂ, ಆ ತಪ್ಪಿನಿಂದ ಕಲಿತುದನ್ನೂ ಮುಚ್ಚುಮರೆಯಿಲ್ಲದೆ ಹೇಳುವುದೇ ಈ ಲೇಖನದ ಉದ್ದೇಶ. ಹಳೆಯ ಗಾಡಿಯೊಂದನ್ನು ಪ್ರೀತಿಯಿಂದಲೋ ಮಿತವ್ಯಯದಿಂದಲೋ ಇಟ್ಟುಕೊಂಡಿರುವ ಗೃಹಸ್ಥರು ನಮ್ಮ ನಾಡಿನಲ್ಲಿ ಇಂದಿಗೂ ಅನೇಕರಿದ್ದಾರೆ. ಅವರಲ್ಲಿ ಒಬ್ಬರಿಗಾದರೂ ಇದರಿಂದ ಉಪಯೋಗವಾದರೆ ನನ್ನ ಶ್ರಮ ಸಾರ್ಥಕ.

ನಮ್ಮ ಮನೆಯಲ್ಲಿರುವುದು ೧೯೮೮ರಲ್ಲಿ ತಯಾರಾದ ಅಂಬಾಸಡರ್ ಗಾಡಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಗಾಡಿಯ ಮೂರನೆಯ ಮಾದರಿಯನ್ನು ಅನುಸರಿಸಿ ೧೯೫೦ರ ದಶಕದ ಕೊನೆಯಿಂದ ಬಂಗಾಳದ ಉತ್ತರಪಾಡಾದಲ್ಲಿ ಇದನ್ನು ಮಾಡುತ್ತಿದ್ದರು. ೨೦೧೪ರಲ್ಲಿ ಆ ಕೆಲಸ ನಿಂತಿತು. ನಮ್ಮದು ಮಾವನವರು ಕೊಂಡದ್ದು. ಅವರ ಕಾಲಾನಂತರ ನನ್ನ ಹೆಂಡತಿಗೆ ತವರಿನ ನೆನಪಾಗಿ ಬಂದದ್ದು. ಅದನ್ನು ಮಾರಿಬಿಡೋಣವೆಂದು ಮಕ್ಕಳು ಹೇಳಿದಾಗಲೆಲ್ಲ ಆಕೆ ಒಳಗೆ ಎದ್ದುಹೋಗುವಳು. ಆದಕಾರಣ ಗಾಡಿ ಉಳಿಯಿತು. ಅದನ್ನು ಸುಸ್ಥಿತಿಯಲ್ಲಿಡುವ ಭಾರ ನನ್ನ ಮೇಲೆ ಬಿತ್ತು.

ನಾವಿರುವುದು ತೀರ್ಥಹಳ್ಳಿಯ ಸಮೀಪ. ಹೆಂಡತಿಯ ಕಣ್ಣಿನ ಚಿಕಿತ್ಸೆಗೆಂದು ಎರಡು ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋಗಬೇಕಾಗುತ್ತದೆ. ಹೋಗುವ ದಾರಿಯಾದರೋ ಆಗುಂಬೆಯ ಘಟ್ಟ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಷ್ಟರಲ್ಲಿ ಹದಿನಾಲ್ಕು ಕಡೆ ರಸ್ತೆಯು ಹೇರ್‌ಪಿನ್ನಿನಂತೆ ಮಡಿಸಿಕೊಳ್ಳುತ್ತದೆ. ಒಂದು ಪಕ್ಕದಲ್ಲಿ ಬಂಡೆ, ಇನ್ನೊಂದು ಪಕ್ಕದಲ್ಲಿ ಕಣಿವೆ. ಮಳೆಗಾಲದಲ್ಲಿ ಮಂಜು ಕವಿದರೆ ಹತ್ತು ಮಾರು ಮುಂದಿರುವುದು ಕಾಣಿಸುವುದಿಲ್ಲ.

ಹಿಂದಿನ ವರ್ಷ ಮಳೆಗಾಲಕ್ಕೆ ಮೊದಲು ಒಂದು ದಿನ ಘಟ್ಟ ಇಳಿದು ಹೆಬ್ರಿಯ ಕಡೆಗೆ ನೇರ ದಾರಿಯಲ್ಲಿ ಹೋಗುತ್ತಿದ್ದೆವು. ಪಕ್ಕದಲ್ಲಿ ಕುಳಿತಿದ್ದ ಹೆಂಡತಿ, “ದಾರಿ ನೆಟ್ಟಗಿದೆಯಲ್ಲ, ನೀವು ಚಕ್ರವನ್ನು ಏಕೆ ತಿದ್ದುತ್ತಲೇ ಇದ್ದೀರಿ?” ಎಂದು ಕೇಳಿದಳು. ನಾನು ನನ್ನ ಕೈಗಳನ್ನು ನೋಡಿಕೊಂಡೆ. ನಿಜ, ಎಡಕ್ಕೆ ಒಂದಿಷ್ಟು, ಬಲಕ್ಕೆ ಒಂದಿಷ್ಟು, ಕೈಗಳು ಬಿಡುವಿಲ್ಲದೆ ತಿದ್ದುತ್ತಿದ್ದುವು. ಇದು ಎಂದಿನಿಂದ ಹೀಗೆ ನಡೆದಿತ್ತೋ ನನಗೆ ತಿಳಿಯದು. ಸವೆತವು ದಿನಕ್ಕೊಂದು ಕೂದಲೆಳೆಯಷ್ಟು ಆಗುತ್ತ ಬರುತ್ತದೆ. ಕೈ ಅದಕ್ಕೆ ಅಷ್ಟಷ್ಟೇ ಹೊಂದಿಕೊಳ್ಳುತ್ತ ಹೋಗುತ್ತದೆ. ಕಣ್ಣು ಮಂದವಾದವಳಿಗೆ ಕಾಣಿಸಿದ್ದು ಕಣ್ಣು ಸರಿಯಾಗಿರುವ ನನಗೆ ಕಾಣಿಸಿರಲಿಲ್ಲ. ಹಳೆಯ ಗಾಡಿಯ ಚುಕ್ಕಾಣಿಯಲ್ಲಿರುವ ಮೊದಲನೆಯ ಅಪಾಯ ಇದೇ: ಅದು ಕೆಟ್ಟಿದೆಯೆಂದು ಅದನ್ನು ಹಿಡಿದವನಿಗೇ ಕಡೆಯಲ್ಲಿ ತಿಳಿಯುತ್ತದೆ.

ಚುಕ್ಕಾಣಿ ಕೆಲಸ ಮಾಡುವ ಬಗೆ

ದುರಸ್ತಿಯ ಮಾತಿಗೆ ಮುಂಚೆ ಈ ಯಂತ್ರದ ರಚನೆಯನ್ನು ಸ್ವಲ್ಪ ತಿಳಿಯಬೇಕು. ನಮ್ಮ ದೇವಸ್ಥಾನಗಳ ತೇರನ್ನು ಎಲ್ಲರೂ ನೋಡಿದ್ದೀರಷ್ಟೆ. ಅದರ ಗಾಲಿಗಳು ಪಕ್ಕಕ್ಕೆ ತಿರುಗುವುದಿಲ್ಲ. ತೇರನ್ನು ತಿರುಗಿಸಬೇಕಾದರೆ ಗಾಲಿಯ ಕೆಳಗೆ ಮರದ ಬೆಣೆಗಳನ್ನು ಕೊಡುತ್ತಾರೆ. ಕುದುರೆಗಾಡಿಗಳಲ್ಲಿ ಮುಂದಿನ ಅಚ್ಚು ಇಡಿಯಾಗಿ ನಡುವಿನ ಗೂಟದ ಸುತ್ತ ತಿರುಗುತ್ತಿದ್ದಿತು. ಆದರೆ ಗಾಡಿಯು ತಿರುವಿನಲ್ಲಿ ಹೋಗುವಾಗ ಒಳಗಿನ ಗಾಲಿ ಚಿಕ್ಕ ವೃತ್ತವನ್ನೂ ಹೊರಗಿನ ಗಾಲಿ ದೊಡ್ಡ ವೃತ್ತವನ್ನೂ ಬರೆಯುತ್ತದೆ. ಆದ್ದರಿಂದ ಒಳಗಿನದು ಹೆಚ್ಚು ಓರೆಯಾಗಿಯೂ ಹೊರಗಿನದು ಕಡಮೆ ಓರೆಯಾಗಿಯೂ ತಿರುಗಿದರೆ ಮಾತ್ರ ಎರಡೂ ಉಜ್ಜದೆ ಉರುಳುವುವು. ಗಾಲಿಗಳೆರಡನ್ನೂ ಬೇರೆ ಬೇರೆ ಗೂಟಗಳ ಮೇಲೆ ನಿಲ್ಲಿಸಿ, ಅವುಗಳನ್ನು ಒಂದು ಸರಳಿನಿಂದ ಜೋಡಿಸಿ ಇದನ್ನು ಸಾಧಿಸುವ ಉಪಾಯವನ್ನು ಮ್ಯೂನಿಕ್ ನಗರದ ಗಾಡಿ ಮಾಡುವ ಕುಶಲಿ ಲಾಂಕೆನ್‌ಸ್ಪೆರ್ಗರ್ ಎಂಬವನು ಕಂಡುಹಿಡಿದನು. ಅವನ ಪರವಾಗಿ ಆಕರ್ಮನ್ ಎಂಬವನು ೧೮೧೮ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಕುದುರೆಗಾಡಿಗಾಗಿ ಹುಟ್ಟಿದ ಆ ಉಪಾಯವೇ ಇಂದಿನ ಮೋಟಾರುಗಳಲ್ಲಿಯೂ ಇದೆ; ಹೆಸರು ಮಾತ್ರ ಆಕರ್ಮನ್ನನದಾಗಿ ಉಳಿಯಿತು.

ನಮ್ಮ ಗಾಡಿಯಲ್ಲಿ ಚುಕ್ಕಾಣಿ ಚಕ್ರದ ಕಂಬದ ಕೆಳತುದಿಗೆ ಒಂದು ಚಿಕ್ಕ ಹಲ್ಲುಚಕ್ರವಿದೆ. ಅದು ಅಡ್ಡಲಾಗಿ ಮಲಗಿರುವ ಒಂದು ಹಲ್ಲುಪಟ್ಟಿಯೊಡನೆ ಕಚ್ಚಿಕೊಂಡಿದೆ. ಚಕ್ರವನ್ನು ತಿರುಗಿಸಿದರೆ ಪಟ್ಟಿಯು ಎಡಕ್ಕೋ ಬಲಕ್ಕೋ ಸರಿಯುತ್ತದೆ. ಇದನ್ನೇ ರ‍್ಯಾಕ್ ಮತ್ತು ಪಿನಿಯನ್ ಎನ್ನುವರು. ಪಟ್ಟಿಯ ಎರಡು ತುದಿಗಳಲ್ಲಿ ಎರಡು ಸರಳುಗಳು. ಇವುಗಳಿಗೆ ಟೈ ರಾಡು ಎಂದು ಹೆಸರು. ಸರಳಿನ ಒಳತುದಿಯಲ್ಲಿ ಒಂದು, ಹೊರತುದಿಯಲ್ಲಿ ಒಂದು, ಹೀಗೆ ನಾಲ್ಕು ಗುಂಡುಕೀಲುಗಳು. ನಮ್ಮ ಭುಜದ ಕೀಲಿನಂತೆ ಒಂದು ಬಟ್ಟಲಿನೊಳಗೆ ಒಂದು ಗುಂಡು ಕುಳಿತು ಎಲ್ಲ ಕಡೆಗೂ ಹೊರಳುವುದೇ ಗುಂಡುಕೀಲು. ಭುಜದಲ್ಲಿ ಸ್ನಾಯು ಇರುವಂತೆ ಇಲ್ಲಿ ರಬ್ಬರಿನ ಕುಲಾವಿಯೂ ಅದರೊಳಗೆ ಗ್ರೀಸೂ ಇರುತ್ತವೆ. ಒಳಕೀಲುಗಳನ್ನು ಮಡಿಕೆ ಮಡಿಕೆಯಾದ ರಬ್ಬರು ತೋಳು ಮುಚ್ಚಿರುತ್ತದೆ. ಈ ರಬ್ಬರು ಹರಿಯಿತೆಂದರೆ ಮಲೆನಾಡಿನಲ್ಲಿ ಮಳೆಯ ನೀರೂ ಬಯಲುನಾಡಿನಲ್ಲಿ ಧೂಳೂ ಒಳಹೊಕ್ಕು, ಗ್ರೀಸಿನೊಡನೆ ಕಲೆತು ಸಾಣೆಯ ಹಿಟ್ಟಿನಂತಾಗಿ, ಗುಂಡನ್ನೂ ಬಟ್ಟಲನ್ನೂ ಸವೆಸುತ್ತವೆ. ಕಬ್ಬಿಣದ ಕೀಲಿನ ಆಯುಸ್ಸು ರಬ್ಬರಿನ ಆಯುಸ್ಸಿಗೆ ಕಟ್ಟುಬಿದ್ದಿದೆ.

ಎಷ್ಟು ಸಡಿಲು ಸಹ್ಯ

ಚುಕ್ಕಾಣಿ ಚಕ್ರವನ್ನು ಸ್ವಲ್ಪ ತಿರುಗಿಸಿದರೂ ನೆಲದ ಮೇಲಣ ಗಾಲಿ ಅಲುಗದೆ ಇರುವ ಅಂತರಕ್ಕೆ ಗಾಡಿಖಾನೆಯವರು ‘ಪ್ಲೇ’ ಎನ್ನುತ್ತಾರೆ. ‘ಆಟ’ವೆಂಬ ಹೆಸರು ಅದಕ್ಕೆ ಬಂದದ್ದು ವಿನೋದವೇ ಸರಿ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೯೮ನೆಯದು ಇದಕ್ಕೆ ಒಂದು ಮೇರೆಯನ್ನು ಹಾಕಿದೆ: ಚುಕ್ಕಾಣಿ ಚಕ್ರದಲ್ಲಿ ೩೦ ಡಿಗ್ರಿಗಿಂತ ಹೆಚ್ಚು ಸಡಿಲು ಇರಕೂಡದು, ಗುಂಡುಕೀಲುಗಳಿಗೆ ರಬ್ಬರಿನ ಮುಚ್ಚಳ ಇರತಕ್ಕದ್ದು, ಬೋಲ್ಟು ಪಿನ್ನುಗಳು ಕಳಚದಂತೆ ಭದ್ರವಾಗಿ ಬಂಧಿತವಾಗಿರತಕ್ಕದ್ದು. ಸೂತ್ರಪ್ರಾಯವಾದ ಈ ಮೂರು ಮಾತುಗಳಲ್ಲಿ ಚುಕ್ಕಾಣಿಯ ಆರೋಗ್ಯಶಾಸ್ತ್ರವೆಲ್ಲವೂ ಅಡಗಿದೆ. ಮೂರನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ನಾನು ತಪ್ಪಿದ್ದು ಅಲ್ಲಿಯೇ.

೩೦ ಡಿಗ್ರಿಯೆಂದರೆ ಎಷ್ಟೆಂದು ಲೆಕ್ಕ ಮಾಡಿ ನೋಡಿದೆ. ನಮ್ಮ ಚಕ್ರದ ವ್ಯಾಸ ಸುಮಾರು ೪೦ ಸೆಂಟಿಮೀಟರು. ಅದರ ಸುತ್ತಳತೆ ೧೨೫ಕ್ಕೆ ಮಿಗಿಲು. ಅದರಲ್ಲಿ ಹನ್ನೆರಡನೆಯ ಒಂದು ಪಾಲು ೧೦ ಸೆಂಟಿಮೀಟರಿಗಿಂತ ತುಸು ಹೆಚ್ಚು. ಅಂದರೆ ಒಂದು ಅಂಗೈಯ ಅಗಲ. ಇದು ಕಾನೂನು ಸಹಿಸುವ ಕಡೆಯ ಗಡಿಯೇ ಹೊರತು ಗಾಡಿ ಸರಿಯಾಗಿದೆಯೆಂಬುದಕ್ಕೆ ಗುರುತಲ್ಲ. ಹಲ್ಲುಪಟ್ಟಿಯ ಚುಕ್ಕಾಣಿಯಲ್ಲಿ ಒಂದು ಬೆರಳಿನಗಲಕ್ಕಿಂತ ಹೆಚ್ಚು ಸಡಿಲು ಕಂಡರೇ ಕಾರಣವನ್ನು ಹುಡುಕಬೇಕು. ನಮ್ಮದರಲ್ಲಿ ನಾಲ್ಕು ಬೆರಳಿನಗಲ ಇತ್ತು. ಕಾನೂನಿನ ಒಳಗೇ ಇತ್ತು. ಆದರೆ ಘಟ್ಟದ ತಿರುವಿಗೆ ಕಾನೂನು ತಿಳಿಯದು.

ಸವೆದ ಕೀಲನ್ನು ಹುಡುಕುವ ಕ್ರಮ

ಮೊದಲು ನಾನು ಒಂದು ಗಾಡಿಖಾನೆಗೆ ಹೋದೆ. ಅಲ್ಲಿಯವರು ಕೆಳಗೆ ಬಗ್ಗಿ ನೋಡಿ, “ಕೀಲನ್ನು ಸುತ್ತಿಗೆಯಿಂದ ಎರಡು ಬಡಿದರೆ ಬಟ್ಟಲು ಬಿಗಿಯಾಗುತ್ತದೆ, ಇನ್ನೊಂದು ವರ್ಷ ಓಡುತ್ತದೆ” ಎಂದರು. ಖರ್ಚು ಅಲ್ಪವೇ. ಆದರೂ ಮನಸ್ಸು ಒಪ್ಪಲಿಲ್ಲ. ತೀರ್ಥಹಳ್ಳಿಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಮೋಟಾರು ದುರಸ್ತಿಯಲ್ಲಿ ಜೀವನ ಮಾಡಿಕೊಂಡಿದ್ದಾನೆ. ಸಂಸ್ಕೃತದಲ್ಲಿ ಅವನು ಎಂದೂ ಉತ್ತೀರ್ಣನಾಗಲಿಲ್ಲ. ನಾನೂ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ಅವನನ್ನು ಕೇಳಿದಾಗ, “ಸಾರ್, ಬಡಿದರೆ ಬಟ್ಟಲು ಕಿರಿದಾಗುತ್ತದೆ, ಸವೆದ ಗುಂಡು ದುಂಡಗಾಗುವುದಿಲ್ಲ. ಆ ಕೀಲು ಒಂದು ಕಡೆ ಬಿಗಿ, ಒಂದು ಕಡೆ ಸಡಿಲು. ಕಡೆಗೆ ಗುಂಡು ಬಟ್ಟಲಿನಿಂದ ಆಚೆಗೇ ಬರುತ್ತದೆ. ಹೊಸದು ಹಾಕಬೇಕು. ನೀವೇ ಮನೆಯಲ್ಲಿ ಹಾಕಬಹುದು, ನಾನು ಬಂದು ನೋಡುತ್ತೇನೆ” ಎಂದನು. ಪರೀಕ್ಷೆಯ ಕ್ರಮವನ್ನೂ ಹೇಳಿಕೊಟ್ಟನು. ಅದು ಹೀಗೆ:

ಗಾಡಿಯನ್ನು ಸಮನೆಲದ ಮೇಲೆ, ಗಾಲಿಗಳು ನೆಟ್ಟಗಿರುವಂತೆ, ಯಂತ್ರವನ್ನು ಆರಿಸಿ ನಿಲ್ಲಿಸಬೇಕು. ಒಬ್ಬರು ಒಳಗೆ ಕುಳಿತು ಚುಕ್ಕಾಣಿ ಚಕ್ರವನ್ನು ಗಾಲಿ ತಿರುಗದಷ್ಟು ಮಾತ್ರ ಎಡಕ್ಕೂ ಬಲಕ್ಕೂ ಮೆಲ್ಲನೆ ಅಲುಗಿಸುತ್ತಿರಬೇಕು. ಇನ್ನೊಬ್ಬರು ಹೊರಗೆ ಬಗ್ಗಿ, ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ನೋಡಬೇಕು. ಸರಿಯಾದ ಕೀಲಿನಲ್ಲಿ ಸರಳೂ ಅದಕ್ಕೆ ಸೇರಿದ ಗಾಲಿಯ ತೋಳೂ ಒಟ್ಟಿಗೆ ಚಲಿಸುತ್ತವೆ; ಸವೆದ ಕೀಲಿನಲ್ಲಿ ಸರಳು ಮೊದಲು, ತೋಳು ಆಮೇಲೆ. ಈ ನಡುವಣ ಕ್ಷಣವು ಕಣ್ಣಿಗೆ ಕಾಣಿಸದಿದ್ದರೂ ಬೆರಳಿಗೆ ‘ಟಕ್’ ಎಂದು ತಿಳಿಯುತ್ತದೆ. ಚಕ್ರದ ಬಳಿ ಹೆಂಡತಿ ಕುಳಿತಳು. ನಾನು ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದೆ. ಒಳಕೀಲುಗಳು ಎರಡೂ ಚೆನ್ನಾಗಿದ್ದುವು. ಹೊರಕೀಲುಗಳು ಎರಡೂ ಸವೆದಿದ್ದುವು. ಎಡಗಡೆಯದರ ರಬ್ಬರು ಹರಿದು ಒಳಗಿನಿಂದ ಕೆಂಪು ತುಕ್ಕಿನ ನೀರು ಇಳಿದಿತ್ತು.

ಎರಡನೆಯ ಪರೀಕ್ಷೆಗೆ ಗಾಲಿಯನ್ನು ನೆಲದಿಂದ ಎತ್ತಬೇಕು. ಗಾಲಿಯ ಎಡಬಲ ಅಂಚುಗಳನ್ನು ಎರಡು ಕೈಗಳಿಂದ ಹಿಡಿದು ಅಲುಗಿಸಿದಾಗ ಸಡಿಲು ಕಂಡರೆ ದೋಷ ಹೆಚ್ಚಾಗಿ ಟೈ ರಾಡಿನ ಕೀಲಿನದು. ಮೇಲಿನ ಮತ್ತು ಕೆಳಗಿನ ಅಂಚುಗಳನ್ನು ಹಿಡಿದು ಅಲುಗಿಸಿದಾಗ ಸಡಿಲು ಕಂಡರೆ ದೋಷವು ಗಾಲಿಯ ಬೇರಿಂಗಿನದೋ ಗಾಲಿ ತಿರುಗುವ ಗೂಟದ್ದೋ ಆಗಿರುತ್ತದೆ. ಇವೆರಡರಲ್ಲಿ ಯಾವುದು ಎಂದು ತಿಳಿಯುವುದೂ ಸುಲಭ. ಒಳಗಿರುವವರು ಬ್ರೇಕನ್ನು ಒತ್ತಿ ಹಿಡಿಯಲಿ; ಆಗ ಸಡಿಲು ಮಾಯವಾದರೆ ಬೇರಿಂಗು, ಹಾಗೆಯೇ ಉಳಿದರೆ ಗೂಟ.

ಗಾಡಿಯ ಕೆಳಗೆ ಕೈಯಿಡುವ ಮುನ್ನ

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಜಾಕಿಯು ಗಾಡಿಯನ್ನು ಎತ್ತುವುದಕ್ಕೆ ಇರುವ ಸಾಧನ; ಎತ್ತಿ ಹಿಡಿದಿರುವುದಕ್ಕೆ ಇರುವ ಸಾಧನವಲ್ಲ. ಬರಿಯ ಜಾಕಿಯ ಮೇಲೆ ನಿಂತ ಗಾಡಿಯ ಕೆಳಕ್ಕೆ ಯಾರೂ ಹೋಗತಕ್ಕದ್ದಲ್ಲ. ಗಟ್ಟಿಯಾದ ಸಮನೆಲದಲ್ಲಿ ಗಾಡಿಯನ್ನು ನಿಲ್ಲಿಸಿ, ಕೈಬ್ರೇಕನ್ನು ಎಳೆದು, ಹಿಂದಿನ ಗಾಲಿಗಳಿಗೆ ಎರಡು ಕಡೆಯಿಂದಲೂ ಮರದ ಬೆಣೆ ಕೊಟ್ಟು, ಮುಂಭಾಗವನ್ನು ಎತ್ತಿ, ಗಾಡಿಯ ಚೌಕಟ್ಟಿನ ಬಲವಾದ ಜಾಗಗಳ ಕೆಳಗೆ ಕಬ್ಬಿಣದ ಸ್ಟ್ಯಾಂಡುಗಳನ್ನು ಇಟ್ಟು, ಭಾರವನ್ನು ಅವುಗಳ ಮೇಲೆ ಇಳಿಸಬೇಕು. ಆಮೇಲೆ ಗಾಡಿಯನ್ನು ಕೈಯಿಂದ ಬಲವಾಗಿ ತಳ್ಳಿ ನೋಡಬೇಕು. ಅಲುಗಿದರೆ ಮತ್ತೆ ಮೊದಲಿನಿಂದ. ಇಟ್ಟಿಗೆಗಳನ್ನೋ ಟೊಳ್ಳು ಕಾಂಕ್ರೀಟು ಕಲ್ಲುಗಳನ್ನೋ ಆಧಾರವಾಗಿ ಇಡುವುದು ಕೂಡದು. ಅವು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ. ಸ್ಟ್ಯಾಂಡುಗಳು ಇಲ್ಲದವರು ಈ ಕೆಲಸವನ್ನು ಮನೆಯಲ್ಲಿ ಮಾಡದಿರುವುದೇ ಲೇಸು.

ಕೀಲನ್ನು ಬದಲಾಯಿಸಿದ ವೃತ್ತಾಂತ

ಹೊಸ ಕೀಲುಗಳನ್ನು ಶಿವಮೊಗ್ಗದಿಂದ ತರಿಸಿದೆ. ಗಾಡಿಯ ತಯಾರಿಕೆ ನಿಂತಿದ್ದರೂ ಬಿಡಿಭಾಗಗಳು ಇನ್ನೂ ದೊರೆಯುತ್ತವೆ. ಹಿಂದಿನ ಸಂಜೆಯೇ ಹಳೆಯ ಕೀಲುಗಳನ್ನು ತಂತಿಯ ಬ್ರಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆಯನ್ನು ತಿರುಪಿನ ಎಳೆಗಳಿಗೆ ಹಾಕಿ ಬಿಟ್ಟಿದ್ದೆ. ರಾತ್ರಿಯ ಎಣ್ಣೆ ಬೆಳಗಿನ ಬಲವನ್ನು ಉಳಿಸುತ್ತದೆ.

ಟೈ ರಾಡಿನ ತುದಿಗೆ ಕೀಲು ತಿರುಪಿನಿಂದ ಸೇರಿಕೊಂಡಿದೆ; ಅದು ತಾನಾಗಿ ತಿರುಗದಂತೆ ಒಂದು ಬಿಗಿನಟ್ಟು ಇದೆ. ಕೀಲಿನ ಗೂಟವು ಮೇಲಿನಿಂದ ಕೆಳಕ್ಕೆ ಸಪೂರವಾಗುತ್ತ ಹೋಗಿ ಗಾಲಿಯ ತೋಳಿನ ರಂಧ್ರದಲ್ಲಿ ಕುಳಿತಿದೆ. ಅದರ ತುದಿಯಲ್ಲಿ ಕೋಟೆಯ ತೆನೆಗಳಂತೆ ಸೀಳುಗಳುಳ್ಳ ನಟ್ಟು. ಸೀಳಿನ ಮೂಲಕ ಗೂಟದ ತೂತಿನಲ್ಲಿ ಹಾಯ್ದು ಕಾಲು ಮಡಿಸಿಕೊಂಡಿರುವ ಸ್ಪ್ಲಿಟ್ ಪಿನ್ನು. ಕೆಲಸದ ಕ್ರಮ ಹೀಗೆ:

ಮೊದಲು ಬಿಗಿನಟ್ಟು ಇರುವ ಜಾಗಕ್ಕೆ ಬಣ್ಣದಿಂದ ಗುರುತು ಹಾಕಿ, ಅದನ್ನು ಕಾಲು ಸುತ್ತು ಮಾತ್ರ ಸಡಿಲಿಸುವುದು. ಬಳಿಕ ಸ್ಪ್ಲಿಟ್ ಪಿನ್ನನ್ನು ತೆಗೆದು, ಕೋಟೆನಟ್ಟನ್ನು ಕೆಲವು ಸುತ್ತು ಬಿಚ್ಚಿ, ಪೂರ್ತಿ ತೆಗೆಯದೆ ತುದಿಯಲ್ಲಿ ಬಿಡುವುದು. ಗೂಟವು ರಂಧ್ರದಲ್ಲಿ ಬೆಣೆಯಂತೆ ಕಚ್ಚಿಕೊಂಡಿರುವುದರಿಂದ ಎಳೆದರೆ ಬರುವುದಿಲ್ಲ. ಇದಕ್ಕೆಂದೇ ಇರುವ ಕೀಲು ಬಿಡಿಸುವ ಸಾಧನವಿದ್ದರೆ ಉತ್ತಮ. ಇಲ್ಲವಾದರೆ ತೋಳಿನ ಕಣ್ಣಿಗೆ ಒಂದು ಪಕ್ಕದಲ್ಲಿ ಭಾರವಾದ ಸುತ್ತಿಗೆಯನ್ನು ಒತ್ತಿ ಹಿಡಿದು, ಎದುರು ಪಕ್ಕದಲ್ಲಿ ಇನ್ನೊಂದರಿಂದ ಹೊಡೆಯಬೇಕು. ಕಣ್ಣು ಕ್ಷಣಮಾತ್ರ ಅದುರಿ ಗೂಟವನ್ನು ಬಿಡುತ್ತದೆ; ನಟ್ಟು ತುದಿಯಲ್ಲಿ ಇರುವುದರಿಂದ ಸರಳು ಕೆಳಕ್ಕೆ ಬೀಳುವುದಿಲ್ಲ. ಗೂಟದ ತುದಿಯ ಮೇಲೆ ಹೊಡೆದರೆ ತಿರುಪು ಹಾಳಾಗುವುದೇ ಹೊರತು ಕೀಲು ಬಿಡುವುದಿಲ್ಲ.

ಇನ್ನು ಹಳೆಯ ಕೀಲನ್ನು ಸರಳಿನಿಂದ ತಿರುಗಿಸಿ ಬಿಚ್ಚುವಾಗ ಎಷ್ಟು ಸುತ್ತು ಎಂದು ಎಣಿಸಬೇಕು. ಎಣಿಕೆ ಏಕೆಂದರೆ, ಸರಳಿನ ಉದ್ದವೇ ಗಾಲಿಯ ದಿಕ್ಕನ್ನು ನಿರ್ಣಯಿಸುತ್ತದೆ. ನಮ್ಮದರಲ್ಲಿ ಎಡಕ್ಕೆ ಹದಿನಾಲ್ಕು, ಬಲಕ್ಕೆ ಹದಿಮೂರೂವರೆ ಸುತ್ತುಗಳಾದುವು. ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದೆ. ಹೊಸ ಕೀಲನ್ನು ಅಷ್ಟೇ ಸುತ್ತು ಹಾಕಿ, ಗೂಟವನ್ನೂ ರಂಧ್ರವನ್ನೂ ಒಣಬಟ್ಟೆಯಿಂದ ಚೊಕ್ಕಟವಾಗಿ ಒರಸಿ ಕೂಡಿಸಬೇಕು. ಕೀಲಿನೊಳಗೆ ಗ್ರೀಸು ಬೇಕು; ಸಪೂರವಾದ ಗೂಟದ ಮೈಗೆ ಬೇಡ, ಅದು ಒಣಗಿದ್ದಾಗಲೇ ಕಚ್ಚಿ ಹಿಡಿಯುವುದು. ಅನಂತರ ಕೋಟೆನಟ್ಟನ್ನು ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿದು, ನಟ್ಟಿನ ಸೀಳು ತೂತಿಗೆ ಎದುರಾಗದಿದ್ದರೆ ಮುಂದಿನ ಸೀಳು ಬರುವವರೆಗೆ ಇನ್ನೂ ಬಿಗಿಯಬೇಕು. ಎಂದಿಗೂ ಹಿಂದಕ್ಕೆ ಸಡಿಲಿಸತಕ್ಕದ್ದಲ್ಲ. ಆಮೇಲೆ ಹೊಸ ಸ್ಪ್ಲಿಟ್ ಪಿನ್ನನ್ನು ತೂರಿಸಿ ಕಾಲುಗಳನ್ನು ಮಡಿಸಬೇಕು. ಕಡೆಯಲ್ಲಿ, ಕೀಲನ್ನು ಅದರ ಹೊರಳಾಟದ ನಡುಮಧ್ಯದಲ್ಲಿ ಹಿಡಿದುಕೊಂಡು ಬಿಗಿನಟ್ಟನ್ನು ಬಿಗಿಯಬೇಕು.

ಈ ವಿಧಿಯೆಲ್ಲವನ್ನೂ ಶಿಷ್ಯನು ನನಗೆ ಹೇಳಿದ್ದನು. ನಾನು ಒಂದು ಪುಸ್ತಕದಲ್ಲಿ ಬರೆದುಕೊಂಡೂ ಇದ್ದೆ. ಬಲಗಡೆಯದು ಚೆನ್ನಾಗಿಯೇ ಆಯಿತು. ಎಡಗಡೆಯದನ್ನು ಮುಗಿಸುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ; ಹೊಟ್ಟೆ ಹಸಿದಿತ್ತು, ಭುಜ ನೋಯುತ್ತಿತ್ತು. ನಟ್ಟನ್ನು ಬಿಗಿದಾಗ ಸೀಳು ತೂತನ್ನು ಒಂದು ಎಳೆಯಷ್ಟು ದಾಟಿತ್ತು. ಮುಂದಿನ ಸೀಳಿನವರೆಗೆ ಬಿಗಿಯಲು ಬಲ ಸಾಲದೆ, ಅಷ್ಟರಿಂದ ಏನಾದೀತೆಂದು ಸ್ವಲ್ಪ ಹಿಂದಕ್ಕೆ ತಿರುಗಿಸಿದೆ. ಹೊಸ ಪಿನ್ನಿಗಾಗಿ ನೋಡಿದರೆ ಎರಡು ಪೊಟ್ಟಣಗಳಲ್ಲಿ ಒಂದರಲ್ಲಿ ಅದು ಇರಲಿಲ್ಲ. ಪೇಟೆ ಎಂಟು ಮೈಲಿ. ತೆಗೆದಿಟ್ಟಿದ್ದ ಹಳೆಯ ಪಿನ್ನನ್ನೇ ಇಕ್ಕಳದಿಂದ ನೆಟ್ಟಗೆ ಮಾಡಿ, ತೂರಿಸಿ, ಮಡಿಸಿದೆ. ಮೇಲೆ ಗ್ರೀಸು ಒರಸಿದ ಮೇಲೆ ಹೊಸದಕ್ಕೂ ಹಳೆಯದಕ್ಕೂ ಭೇದವೇ ತಿಳಿಯುತ್ತಿರಲಿಲ್ಲ.

ಗಾಡಿಯನ್ನು ಇಳಿಸಿ ಅಂಗಳದಲ್ಲಿ ಹಿಂದೆ ಮುಂದೆ ಓಡಿಸಿ ನೋಡಿದೆ. ಚಕ್ರ ತಿರುಗಿಸಿದೊಡನೆ ಗಾಡಿ ತಿರುಗುತ್ತಿತ್ತು. ಮಾವನವರ ಕಾಲದಲ್ಲಿ ಅದು ಹೀಗೆಯೇ ಓಡುತ್ತಿದ್ದಿರಬೇಕು ಎಂದು ಹೆಂಡತಿಗೆ ಹೇಳಿದೆ. ಮರುದಿನ ಬುಧವಾರ ಮಣಿಪಾಲಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು.

ಸಂಜೆ ಶಿಷ್ಯನು ಬಂದನು. ಮಾತಿಲ್ಲದೆ ನೆಲದ ಮೇಲೆ ಮಲಗಿ ಬಲಗಡೆಯ ಕೀಲನ್ನು ಮುಟ್ಟಿ ನೋಡಿ ತಲೆದೂಗಿದನು. ಎಡಗಡೆಗೆ ಬಂದು ಗ್ರೀಸನ್ನು ಬಟ್ಟೆಯಿಂದ ಒರಸಿದನು. ಇಕ್ಕಳ ಕೇಳಿದನು. ಪಿನ್ನಿನ ಒಂದು ಕಾಲನ್ನು ಹಿಡಿದು ಮೆಲ್ಲನೆ ಎತ್ತಿದನು. ಅದು ಒಣಕಡ್ಡಿಯಂತೆ ಮುರಿದು ಅವನ ಅಂಗೈಗೆ ಬಿತ್ತು. ಆಮೇಲೆ ನಟ್ಟಿಗೆ ಸ್ಪ್ಯಾನರು ಹಾಕಿದನು. ಅದು ಮೊದಲಿನ ಬಿಗಿಯಿಲ್ಲದೆ ತಿರುಗಿತು. ಎದ್ದು ಕುಳಿತು ಮುರಿದ ಕಾಲನ್ನು ನನಗೆ ತೋರಿಸಿದನು.

“ಸಾರ್, ಒಂದು ವಿಸರ್ಗ ಬಿಟ್ಟರೆ ನೀವು ಒಂದು ಅಂಕ ಕಳೆಯುತ್ತಿದ್ದಿರಿ” ಎಂದನು. ಮುಂದಕ್ಕೆ ಏನನ್ನೋ ಹೇಳಹೊರಟವನು, ಬಾಗಿಲಲ್ಲಿ ಕಾಫಿಯ ಲೋಟ ಹಿಡಿದು ನಿಂತಿದ್ದ ನನ್ನ ಹೆಂಡತಿಯನ್ನು ಕಂಡು ಸುಮ್ಮನಾದನು.

ಅವನು ಹೇಳದೆ ಬಿಟ್ಟದ್ದು ನನಗೆ ತಿಳಿಯಿತು. ಒಮ್ಮೆ ಮಡಿಸಿ ನೆಟ್ಟಗೆ ಮಾಡಿದ ಪಿನ್ನು ಬಾಗಿದ ಜಾಗದಲ್ಲಿ ದುರ್ಬಲವಾಗಿರುತ್ತದೆ. ಎರಡನೆಯ ಸಲ ಮಡಿಸಿದರೆ ಮುರಿಯುವುದಕ್ಕೆ ಸಿದ್ಧವಾಗಿರುತ್ತದೆ. ಅದು ಬಿದ್ದುಹೋದ ಮೇಲೆ ಸಡಿಲಾದ ನಟ್ಟು ಗಾಡಿಯ ಅದುರಿಗೆ ಸುತ್ತು ಸುತ್ತಾಗಿ ಬಿಚ್ಚಿಕೊಳ್ಳುತ್ತದೆ. ನಟ್ಟು ಬಿದ್ದರೆ ಗೂಟ ಕಳಚುತ್ತದೆ. ಗೂಟ ಕಳಚಿದರೆ ಒಂದು ಗಾಲಿ ತನಗೆ ಇಷ್ಟಬಂದ ಕಡೆಗೆ ಹೋಗುತ್ತದೆ. ಚಕ್ರವನ್ನು ಹಿಡಿದವನು ಹಿಡಿದೇ ಇರುತ್ತಾನೆ. ಇದು ಆಗುಂಬೆಯ ಯಾವ ತಿರುವಿನಲ್ಲಿ ಆಗುತ್ತಿತ್ತೋ, ಅಥವಾ ಆಗುತ್ತಲೇ ಇರಲಿಲ್ಲವೋ, ಹೇಳಬಲ್ಲವರಾರು? ಹಳೆಯ ಕೀಲು ಸವೆದಿದ್ದರೂ ಅದರ ನಟ್ಟು ಭದ್ರವಾಗಿತ್ತು. ದುರಸ್ತಿ ಮಾಡಿ ನಾನು ಗಾಡಿಯನ್ನು ಮೊದಲಿಗಿಂತ ಹೆಚ್ಚು ಅಪಾಯಕರವಾಗಿ ಮಾಡಿದ್ದೆ. ಒಂದು ಲೋಟ ಕಾಫಿಯ ಬೆಲೆಯೂ ಇಲ್ಲದ ಪಿನ್ನಿಗಾಗಿ ಎಂಟು ಮೈಲಿ ಹೋಗಲು ಬೇಸರಪಟ್ಟಿದ್ದೆ.

ಶಿಷ್ಯನು ತನ್ನ ಚೀಲದಿಂದ ಹೊಸ ಪಿನ್ನೊಂದನ್ನು ತೆಗೆದು ನನ್ನ ಕೈಗೇ ಕೊಟ್ಟನು. “ನೀವೇ ಹಾಕಿ, ಸಾರ್” ಎಂದನು. ನಟ್ಟನ್ನು ಮುಂದಿನ ಸೀಳಿನವರೆಗೆ ಬಿಗಿದು, ಪಿನ್ನು ತೂರಿಸಿ, ಕಾಲುಗಳನ್ನು ಮಡಿಸಿದೆ. ಅವನು ನೋಡುತ್ತ ಕುಳಿತಿದ್ದನು.

ಗಾಲಿಗಳ ದಿಕ್ಕು

ಸುತ್ತುಗಳನ್ನು ಎಣಿಸಿ ಹಾಕಿದರೂ ಹೊಸ ಕೀಲಿನ ಉದ್ದ ಹಳೆಯದರಷ್ಟೇ ಇರುವುದೆಂಬ ಭರವಸೆಯಿಲ್ಲ. ಆದುದರಿಂದ ಮುಂದಿನ ಗಾಲಿಗಳ ದಿಕ್ಕನ್ನು ಪರೀಕ್ಷಿಸಬೇಕು. ಮನೆಯಲ್ಲಿ ಸ್ಥೂಲವಾಗಿ ನೋಡುವ ಕ್ರಮ ಇದು: ಗಾಲಿಗಳನ್ನು ನೆಟ್ಟಗಿಟ್ಟು, ಎರಡು ಟೈರುಗಳ ಮುಂಭಾಗದಲ್ಲಿ ಅಚ್ಚಿನ ಎತ್ತರಕ್ಕೆ ನಡುವೆ ಸೀಮೆಸುಣ್ಣದ ಗುರುತು ಮಾಡಿ, ಅವುಗಳ ನಡುವಣ ಅಂತರವನ್ನು ಅಳೆಯುವುದು. ಬಳಿಕ ಗಾಡಿಯನ್ನು ಮೆಲ್ಲನೆ ಮುಂದಕ್ಕೆ ತಳ್ಳಿ, ಅದೇ ಗುರುತುಗಳು ಹಿಂಭಾಗದಲ್ಲಿ ಅದೇ ಎತ್ತರಕ್ಕೆ ಬಂದಾಗ ಮತ್ತೆ ಅಳೆಯುವುದು. ಎರಡು ಅಳತೆಗಳ ವ್ಯತ್ಯಾಸವು ಕೈಪಿಡಿಯಲ್ಲಿ ಹೇಳಿದಷ್ಟು ಇರಬೇಕು. ಇದು ಗಾಡಿಯನ್ನು ಪೇಟೆಯವರೆಗೆ ಮೆಲ್ಲನೆ ಕೊಂಡೊಯ್ಯುವುದಕ್ಕೆ ಸಾಕು. ಅಲ್ಲಿ ಯಂತ್ರದಿಂದ ಅಳೆಯಿಸಿ ಸರಿಪಡಿಸಿಕೊಳ್ಳಬೇಕು. ಈ ಖರ್ಚನ್ನು ಉಳಿಸಹೋದರೆ ಟೈರುಗಳು ಒಂದೇ ಅಂಚಿನಲ್ಲಿ ಸವೆದು ನಷ್ಟವು ಹಲವು ಪಾಲು ಹೆಚ್ಚುವುದು.

ಮನೆಯಲ್ಲಿ ಮಾಡಬಾರದ ಕೆಲಸಗಳು

ಕೀಲು ಬದಲಾಯಿಸುವುದು ಮಾತ್ರ ಗೃಹಸ್ಥನ ಕೈಗೆ ಎಟಕುವ ಕೆಲಸ. ಹಲ್ಲುಪಟ್ಟಿಯೇ ಸವೆದಿದ್ದರೆ ಅದನ್ನು ಮುಟ್ಟಬಾರದು. ಇದರಲ್ಲಿ ಒಂದು ಸ್ವಾರಸ್ಯವಿದೆ. ಪಟ್ಟಿಯ ಹಲ್ಲುಗಳು ಹೆಚ್ಚು ಸವೆಯುವುದು ತಿರುವುಗಳಲ್ಲಿ ಬಳಕೆಯಾಗುವ ಕೊನೆಗಳಲ್ಲಿ ಅಲ್ಲ, ನಡುವೆ. ಏಕೆಂದರೆ ಗಾಡಿಯು ತನ್ನ ಆಯುಸ್ಸಿನ ಬಹುಭಾಗವನ್ನು ನೆಟ್ಟನೆಯ ದಾರಿಯಲ್ಲೇ ಕಳೆಯುತ್ತದೆ. ನಡುವಿನ ಸಡಿಲನ್ನು ಹೋಗಲಾಡಿಸಲು ಬಿಗಿ ಮಾಡಿದರೆ, ಸವೆಯದ ಕೊನೆಗಳಲ್ಲಿ ಅದು ಹಿಡಿದುಕೊಳ್ಳುತ್ತದೆ. ಪೂರ್ತಿ ತಿರುಗಿಸಿದ ಚಕ್ರ ತಾನಾಗಿ ಹಿಂದಕ್ಕೆ ಬರುವುದಿಲ್ಲ. ಘಟ್ಟದ ತಿರುವಿನಲ್ಲಿ ಇದಕ್ಕಿಂತ ಕೇಡು ಬೇರೆಯಿಲ್ಲ. ಅಂಥ ಪಟ್ಟಿಗೆ ಬದಲಿ ಪಟ್ಟಿಯೇ ಮದ್ದು. ಅಂತೆಯೇ ಗಾಲಿಯ ಗೂಟಗಳ ಕೆಲಸವೂ ಬಲ್ಲವರಿಗೆ ಸೇರಿದ್ದು. ನಮ್ಮ ಗಾಡಿಯಲ್ಲಿ ಮುಂಭಾಗದ ಭಾರವನ್ನು ಹೊರುವುದು ಹೊಸೆದು ಬಿಗಿದ ಉಕ್ಕಿನ ಸಲಾಕೆಗಳು. ಅವುಗಳಲ್ಲಿ ಅಡಗಿರುವ ಬಲವು ಅರಿಯದವನ ಕೈಯನ್ನು ಮುರಿಯಬಲ್ಲದು. ಚುಕ್ಕಾಣಿಯ ಯಾವ ಭಾಗಕ್ಕೂ ಬೆಸುಗೆ ಹಾಕಿಸಬಾರದು. ಬಾಗಿದ ಸರಳನ್ನು ಕಾಸಿ ನೆಟ್ಟಗೆ ಮಾಡಿಸಬಾರದು. ಇನ್ನೊಂದು ಗಾಡಿಯಿಂದ ಬಿಚ್ಚಿದ ಹಳೆಯ ಕೀಲನ್ನು ಹಾಕಬಾರದು.

ಖಾಸಗಿ ಗಾಡಿಯ ನೋಂದಣಿಯು ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೆ ಬರುತ್ತದೆಯಷ್ಟೆ. ಆದರೆ ರಬ್ಬರು ಹರಿಯುವುದು ಐದು ವರ್ಷ ಕಾಯುವುದಿಲ್ಲ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ಮನೆಯವರಲ್ಲಿ ಒಬ್ಬರು ಚಕ್ರ ಅಲುಗಿಸಿ ಇನ್ನೊಬ್ಬರು ಕೀಲಿನ ಮೇಲೆ ಬೆರಳಿಟ್ಟು ನೋಡಲಿ. ಹತ್ತು ನಿಮಿಷದ ಕೆಲಸ. ಗಾಡಿ ಓಡಿಸುವವರಿಗಿಂತ ಪಕ್ಕದಲ್ಲಿ ಕುಳಿತವರ ಮಾತಿಗೆ ಹೆಚ್ಚು ಬೆಲೆ ಕೊಡಲಿ. ತಾವು ಮಾಡಿದ ಕೆಲಸವನ್ನು ಬೇರೊಬ್ಬರ ಕಣ್ಣಿಗೆ ತೋರಿಸದೆ ಗಾಡಿಯನ್ನು ರಸ್ತೆಗೆ ತರದಿರಲಿ. ತನ್ನ ಬರೆಹದ ತಪ್ಪು ತನಗೆ ಕಾಣಿಸದೆಂಬುದನ್ನು ಮೂವತ್ತೆರಡು ವರ್ಷ ಹುಡುಗರಿಗೆ ಹೇಳಿದವನು ನಾನು.

ಮರುದಿನ ನಾವು ಮಣಿಪಾಲಕ್ಕೆ ಹೋಗಲಿಲ್ಲ. ಪೇಟೆಗೆ ಹೋಗಿ ಗಾಲಿಗಳ ದಿಕ್ಕನ್ನು ಸರಿಪಡಿಸಿಕೊಂಡು, ವೈದ್ಯರಿಂದ ಬೇರೆ ದಿನವನ್ನು ಕೇಳಿಕೊಂಡೆವು. ಮುಂದಿನ ವಾರ ಘಟ್ಟವನ್ನು ಇಳಿಯುವಾಗ ಮಂಜು ಕವಿದಿತ್ತು. ಹದಿನಾಲ್ಕು ತಿರುವುಗಳನ್ನೂ ಎಣಿಸುತ್ತ ಇಳಿದೆ. ಸೋಮೇಶ್ವರದ ಬಳಿ ದಾರಿ ನೆಟ್ಟಗಾದಾಗ ಪಕ್ಕಕ್ಕೆ ತಿರುಗಿ ನೋಡಿದೆ. ಹೆಂಡತಿ ನಿದ್ದೆ ಹೋಗಿದ್ದಳು. ಆ ಮುರಿದ ಪಿನ್ನಿನ ಕಾಲು ಈಗಲೂ ನನ್ನ ಬರೆಯುವ ಮೇಜಿನ ಮೇಲೆ, ಮಸಿಕುಡಿಕೆಯ ಪಕ್ಕದಲ್ಲಿದೆ.